ಎರಡು ಪೆಟ್ಟಿಗೆ, ಒಂದು ದನಿ

ಹಲಸೂರಿನಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರಿದ್ದಾರೆ. ಬಹುಕಾಲ ಕನ್ನಡ ಅಧ್ಯಾಪಕರಾಗಿದ್ದು ನಿವೃತ್ತರಾದವರು. ಬೀದಿಗೆಲ್ಲ ಅವರು ಮೇಷ್ಟ್ರು. ಒಂದು ಸಂಜೆ ಅವರಿಂದ ಕರೆ ಬಂತು. "ಅಕ್ಕನ ದನಿ ಹೋಗಿಬಿಟ್ಟಿದೆಯಪ್ಪ; ಒಂದು ಗಳಿಗೆ ಬಂದು ನೋಡುತ್ತೀಯಾ?" ಎಂದರು. ಅವರ ಅಕ್ಕ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಆದುದರಿಂದ ಆ ಮಾತಿನ ಅರ್ಥ ನನಗೆ ಹೊಳೆಯಲು ಕ್ಷಣಕಾಲ ಹಿಡಿಯಿತು.

ಆ ಅಕ್ಕ ಹಾಡುಗಾರ್ತಿಯೆಂದು ಹೆಸರಾದವರಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಾಲ್ಕು ದೇವರನಾಮ ಹೇಳಿಕೊಳ್ಳುತ್ತಿದ್ದರು, ಅಷ್ಟೆ. ಮನೆಯಲ್ಲಿದ್ದ ಸಣ್ಣ ಟೇಪ್ ರೆಕಾರ್ಡರನ್ನು ಎದುರಿಗಿಟ್ಟು ಯಾರೋ ಒಮ್ಮೆ ಅದನ್ನು ಹಿಡಿದಿಟ್ಟಿದ್ದರು. ಉಳಿದಿರುವುದು ಆ ಒಂದೇ ಕ್ಯಾಸೆಟ್ಟು. ಮೊಮ್ಮಗ ಪ್ರೀತಿಯಿಂದ ಹೊಸ ಆಂಪ್ಲಿಫೈಯರನ್ನೂ ಒಂದು ಜೊತೆ ಸ್ಪೀಕರುಗಳನ್ನೂ ತಂದು, ಊರಿಗೆ ಹೊರಡುವ ಆತುರದಲ್ಲಿ ತಂತಿಗಳನ್ನು ಜೋಡಿಸಿ ಹೋಗಿದ್ದ. ಅಂದಿನಿಂದ ಅಕ್ಕನ ದನಿ ಟೊಳ್ಳಾಗಿಬಿಟ್ಟಿತ್ತು. "ಎದುರಿಗೆ ಕೂತು ಹಾಡುತ್ತಿದ್ದವಳು ಈಗ ಎಲ್ಲೂ ಇಲ್ಲ. ದನಿ ತಲೆಯ ಸುತ್ತ ಸುಳಿದಾಡುತ್ತದೆ, ನೆಲೆ ನಿಲ್ಲುವುದಿಲ್ಲ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿರಬೇಕು, ಇನ್ನು ತೆಗೆದಿಟ್ಟುಬಿಡುತ್ತೇನೆ" ಎಂದು ಮೇಷ್ಟ್ರು ಹೇಳಿದರು.

ಅಲ್ಲಿ ಕಂಡುಬಂದ ದೋಷವೇನೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ನಮ್ಮ ಮನೆಗಳಲ್ಲಿ ಸ್ಟೀರಿಯೋ ಸ್ಪೀಕರುಗಳಿಗೆ ಹಣ ಸುರಿಯುವವರು ಬಹಳ ಮಂದಿ. ಅವುಗಳನ್ನು ಜೋಡಿಸಿ ಇಡುವುದಕ್ಕೆ ಅರ್ಧ ಗಂಟೆ ಕೊಡುವವರು ಕಡಿಮೆ. ಒಂದು ಪೆಟ್ಟಿಗೆ ಬೀರುವಿನ ತಲೆಯ ಮೇಲೆ, ಇನ್ನೊಂದು ಕಿಟಕಿಯ ಕೆಳಗೆ ಚಪ್ಪಲಿಗಳ ಪಕ್ಕದಲ್ಲಿ. ಹೀಗಿಟ್ಟು, "ಇಷ್ಟು ಬೆಲೆ ಕೊಟ್ಟರೂ ಹಳೆಯ ರೇಡಿಯೋವೇ ವಾಸಿಯಾಗಿತ್ತು" ಎಂದು ಕೊರಗುವುದುಂಟು. ತಪ್ಪು ಅನೇಕ ಸಲ ಪೆಟ್ಟಿಗೆಯದಲ್ಲ, ಜೋಡಣೆಯದು. ಜೋಡಣೆಯ ವಿದ್ಯೆ ಕಷ್ಟದ್ದೂ ಅಲ್ಲ. ಅದರ ಕಾರಣ ತಿಳಿದಿದ್ದರೆ ಸಾಕು.

ಮೊದಲಿಗೆ, ಪೆಟ್ಟಿಗೆ ಎರಡೇಕೆ? ಕಿವಿ ಎರಡಿರುವುದರಿಂದ. ನಮ್ಮ ಬಲಗಡೆ ಯಾರಾದರೂ ಚಪ್ಪಾಳೆ ತಟ್ಟಿದರೆ ಆ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ಎಡಗಿವಿಯನ್ನು ಅನಂತರ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ತಲೆಯನ್ನು ಬಳಸಿಕೊಂಡು ಆಚೆಯ ಕಿವಿಗೆ ಹೋಗಲು ಅದಕ್ಕೆ ಬೇಕಾದ ಹೆಚ್ಚಿನ ಕಾಲ ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಆರೇಳು ಭಾಗ ಮಾತ್ರ. ಇಷ್ಟು ಅಲ್ಪ ಅಂತರವನ್ನೂ, ಎರಡು ಕಿವಿಗಳಲ್ಲಿ ಕೇಳುವ ಗಟ್ಟಿತನದ ವ್ಯತ್ಯಾಸವನ್ನೂ ಮಿದುಳು ಅಳೆದು, "ಇದು ಬಲಗಡೆಯಿಂದ ಬಂತು" ಎಂದು ತೀರ್ಮಾನಿಸುತ್ತದೆ. ಎರಡು ಕಿವಿಗೂ ಸದ್ದು ಏಕಕಾಲದಲ್ಲಿ, ಸಮವಾಗಿ ಬಂದರೆ ಅದು ನಟ್ಟನಡುವೆ ಎದುರಿನಿಂದ ಬಂದಿತೆಂದು ಭಾವಿಸುತ್ತದೆ.

ಈ ಸಂಗತಿಯನ್ನು ತಂತಿಯ ಮೂಲಕ ಮೊದಲು ಪ್ರಯೋಗಿಸಿ ತೋರಿಸಿದವನು ಫ್ರಾನ್ಸಿನ ಕ್ಲೆಮಾಂ ಅದೇರ್. 1881ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ, ಒಪೆರಾ ರಂಗಮಂದಿರದ ವೇದಿಕೆಯ ಅಂಚಿನಲ್ಲಿ ಟೆಲಿಫೋನ್ ಯಂತ್ರಗಳನ್ನು ಸಾಲಾಗಿ ಇರಿಸಿ, ದೂರದ ಪ್ರದರ್ಶನ ಶಾಲೆಯಲ್ಲಿದ್ದ ಕೇಳುಗರಿಗೆ ಎರಡು ಕಿವಿಗೆ ಎರಡು ಬೇರೆ ಬೇರೆ ತಂತಿಗಳಿಂದ ಹಾಡನ್ನು ಕೇಳಿಸಿದ. ಗಾಯಕ ವೇದಿಕೆಯ ಮೇಲೆ ಅತ್ತಿಂದಿತ್ತ ನಡೆಯುವುದು ಕೂಡ ಅವರಿಗೆ ಗೊತ್ತಾಗುತ್ತಿತ್ತು. ಅನಂತರ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರು ಚಲನಚಿತ್ರ ನೋಡುತ್ತಿದ್ದಾಗ, ಪರದೆಯ ಮೇಲೆ ನಟ ಒಂದು ಕಡೆ ಇದ್ದರೂ ದನಿ ಇನ್ನೊಂದು ಕಡೆಯಿಂದ ಬರುವುದನ್ನು ಕಂಡು ಬೇಸರಪಟ್ಟನೆಂದು ಹೇಳುತ್ತಾರೆ. 1931ರಲ್ಲಿ ಆತ ಸಲ್ಲಿಸಿದ ಪೇಟೆಂಟಿನಲ್ಲಿ ಇಂದಿನ ಸ್ಟೀರಿಯೋ ವಿದ್ಯೆಯ ಬೀಜಗಳೆಲ್ಲ ಇವೆ. 1942ರಲ್ಲಿ, ರೇಡಾರ್ ಪರೀಕ್ಷೆಗೆಂದು ಹೋದ ವಿಮಾನ ಬಿದ್ದು ಆತ ತೀರಿಕೊಂಡ. ಸ್ಟೀರಿಯೋ ಗ್ರಾಮಫೋನ್ ತಟ್ಟೆಗಳು ಅಂಗಡಿಗೆ ಬಂದದ್ದು 1958ರ ಸುಮಾರಿಗೆ. ಆತ ಅವನ್ನು ಕಾಣಲಿಲ್ಲ.

ಇನ್ನು ಸ್ಪೀಕರು. ಇದು ಟೆಲಿಫೋನಿನ ಕಿವಿಗೊಳವೆಯ ದೊಡ್ಡ ತಮ್ಮ. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾದ ಮೇಲೆ, ದೇಶದ ಲಕ್ಷಾಂತರ ಮನೆಗಳ ಟೆಲಿಫೋನುಗಳು ಬೆಂಗಳೂರಿನ ಈ ಪೂರ್ವ ಭಾಗದಿಂದಲೇ ಹೊರಟವು. ಆ ಟೆಲಿಫೋನಿನೊಳಗೆ ಅಯಸ್ಕಾಂತವೊಂದು ತೆಳುವಾದ ಪೊರೆಯನ್ನು ಅಲುಗಿಸುತ್ತದೆ. ಪೊರೆ ಗಾಳಿಯನ್ನು ಅಲುಗಿಸುತ್ತದೆ. ಗಾಳಿ ಕಿವಿಯನ್ನು ಮುಟ್ಟುತ್ತದೆ. ಸ್ಪೀಕರಿನಲ್ಲಿ ಶಾಶ್ವತ ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ಸಣ್ಣ ತಂತಿಯ ಸುರುಳಿಯೊಂದು ತೂಗುತ್ತಿರುತ್ತದೆ. ಅದಕ್ಕೆ ಕಾಗದದ ಶಂಕುವೊಂದು ಅಂಟಿಕೊಂಡಿರುತ್ತದೆ. ವಿದ್ಯುತ್ತು ಒಂದು ದಿಕ್ಕಿಗೆ ಹರಿದರೆ ಸುರುಳಿ ಮುಂದಕ್ಕೆ ತಳ್ಳಲ್ಪಡುತ್ತದೆ, ಇನ್ನೊಂದು ದಿಕ್ಕಿಗೆ ಹರಿದರೆ ಹಿಂದಕ್ಕೆ ಸೆಳೆಯಲ್ಪಡುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ 1925ರಲ್ಲಿ ರೂಪಿಸಿದ ಈ ಮಾದರಿಯೇ ಇಂದಿಗೂ ನಮ್ಮ ಬಹುಪಾಲು ಸ್ಪೀಕರುಗಳ ಒಡಲಲ್ಲಿ ಕುಳಿತಿದೆ. ಮಂದ್ರಸ್ವರಗಳಿಗೆ ದೊಡ್ಡ ಶಂಕು, ತಾರಸ್ವರಗಳಿಗೆ ಪುಟ್ಟದೊಂದು ಗುಮ್ಮಟ. ಒಂದೇ ಪೆಟ್ಟಿಗೆಯಲ್ಲಿ ಇಬ್ಬರೂ ಇರುವುದುಂಟು.

ಇಲ್ಲಿ ನಮ್ಮ ಮೃದಂಗವನ್ನು ನೆನೆಯುವುದು ಉಚಿತ. ಸರ್ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ಆರಂಭಿಸಿದ ಮೃದಂಗ, ತಬಲಗಳ ಅಧ್ಯಯನವನ್ನು ಬೆಂಗಳೂರಿಗೆ ಬಂದ ಮೇಲೂ ಮುಂದುವರಿಸಿ 1934ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದದೆ ಬರಿಯ ಸದ್ದಾಗುತ್ತವೆ. ಮೃದಂಗದ ಬಲಮುಖಕ್ಕೆ ಹಾಕಿದ ಕಪ್ಪು ಕರಣೆ ಆ ಉಪಸ್ವರಗಳನ್ನು ಶ್ರುತಿಗೆ ತರುತ್ತದೆ ಎಂಬುದನ್ನು ಅವರು ವಿಶದಪಡಿಸಿದರು. ಅಂದರೆ ಮೃದಂಗದ ಹಿರಿಮೆ ಅದಕ್ಕೊಂದು ಸ್ವಂತ ಶ್ರುತಿಯಿರುವುದರಲ್ಲಿದೆ. ಸ್ಪೀಕರಿನ ಹಿರಿಮೆ ಇದಕ್ಕೆ ತೀರ ವಿರುದ್ಧವಾದದ್ದು: ಅದಕ್ಕೆ ಸ್ವಂತ ಶ್ರುತಿಯೆಂಬುದು ಇರಕೂಡದು. ವೀಣೆ ಬಂದಾಗ ವೀಣೆಯಾಗಬೇಕು, ಮೃದಂಗ ಬಂದಾಗ ಮೃದಂಗವಾಗಬೇಕು. ತನ್ನದೆಂದು ಏನನ್ನೂ ಸೇರಿಸಬಾರದು. ಜೋಡಣೆಯ ನಿಯಮಗಳೆಲ್ಲ ಹುಟ್ಟುವುದು ಈ ಒಂದು ತತ್ತ್ವದಿಂದ.

ಈಗ ತಂತಿಗೆ ಬರೋಣ. ಪ್ರತಿಯೊಂದು ಸ್ಪೀಕರಿನ ಬೆನ್ನಿನಲ್ಲಿ ಎರಡು ಹಿಡಿಕೆಗಳಿರುತ್ತವೆ, ಒಂದು ಕೆಂಪು, ಒಂದು ಕಪ್ಪು. ಆಂಪ್ಲಿಫೈಯರಿನ ಬೆನ್ನಿನಲ್ಲಿ ಎಡಕ್ಕೊಂದು ಜೊತೆ, ಬಲಕ್ಕೊಂದು ಜೊತೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು; ಎಡಕ್ಕೆ ಎಡ, ಬಲಕ್ಕೆ ಬಲ. ಮಾರುಕಟ್ಟೆಯಲ್ಲಿ ದೊರೆಯುವ ಜೋಡಿ ತಂತಿಯ ಒಂದು ಎಳೆಯ ಮೇಲೆ ಗೆರೆಯೋ ಏಣೋ ಬೇರೆ ಬಣ್ಣವೋ ಇದ್ದೇ ಇರುತ್ತದೆ. ಗೆರೆಯಿರುವ ಎಳೆಯನ್ನು ಯಾವಾಗಲೂ ಕೆಂಪಿಗೇ ಸೇರಿಸುವುದೆಂದು ಮೊದಲೇ ನಿಶ್ಚಯಿಸಿಕೊಂಡರೆ ತಪ್ಪು ನುಸುಳುವುದಿಲ್ಲ. ತಂತಿಯ ತುದಿಯ ಹೊದಿಕೆಯನ್ನು ಅರ್ಧ ಅಂಗುಲದಷ್ಟು ಸುಲಿದು, ನವಿರಾದ ತಾಮ್ರದ ಎಳೆಗಳನ್ನು ಬತ್ತಿಯಂತೆ ಹೊಸೆದು ಸಿಕ್ಕಿಸಬೇಕು. ಒಂದೇ ಒಂದು ಎಳೆ ಹೊರಗೆ ಚಾಚಿ ಪಕ್ಕದ ಹಿಡಿಕೆಯನ್ನು ಮುಟ್ಟಿದರೂ ಆಂಪ್ಲಿಫೈಯರು ಸುಟ್ಟುಹೋಗಬಹುದು. ಆದುದರಿಂದ ಈ ಕೆಲಸವನ್ನು ಮಾಡುವಾಗ ಆಂಪ್ಲಿಫೈಯರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಗುಂಡಿ ಆರಿಸಿದರೆ ಸಾಲದು.

ತಂತಿಯ ದಪ್ಪದ ವಿಷಯದಲ್ಲಿ ಎರಡು ಅತಿರೇಕಗಳನ್ನು ಕಂಡಿದ್ದೇನೆ. ಕರೆಗಂಟೆಗೆ ಎಳೆದು ಉಳಿದ ನೂಲಿನಂಥ ತಂತಿಯನ್ನೇ ಬಳಸುವವರು ಕೆಲವರು. ಚಿನ್ನದ ಬೆಲೆ ತೆತ್ತು ವಿದೇಶದ ತಂತಿ ತರಿಸುವವರು ಕೆಲವರು. ಲೆಕ್ಕ ಸರಳವಾಗಿದೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ 10 ಮೀಟರ್ ದೂರ ಹೋಗಿ ಮರಳಿ ಬಂದರೆ ಅದರ ಪ್ರತಿರೋಧ ಒಂದು ಓಮಿನ ಮೂರನೆಯ ಒಂದು ಭಾಗದಷ್ಟು. ಸ್ಪೀಕರು 8 ಓಮಿನದಾದರೆ ನಷ್ಟ ನೂರಕ್ಕೆ ನಾಲ್ಕರಷ್ಟು. ಕಿವಿಗೆ ಅದು ತಿಳಿಯದು. ಅದೇ ದೂರಕ್ಕೆ ಅದರ ಐದನೆಯ ಒಂದು ಭಾಗ ದಪ್ಪದ ತಂತಿ ಎಳೆದರೆ ಪ್ರತಿರೋಧ ಒಂದೂಮುಕ್ಕಾಲು ಓಮಿನ ಸಮೀಪಕ್ಕೆ ಏರುತ್ತದೆ. ಶಕ್ತಿಯ ಗಣನೀಯ ಭಾಗ ತಂತಿಯನ್ನು ಬಿಸಿಮಾಡುವುದಕ್ಕೇ ಹೋಗುತ್ತದೆ, ಶಂಕುವಿನ ಮೇಲೆ ಆಂಪ್ಲಿಫೈಯರಿಗಿರುವ ಹಿಡಿತವೂ ಸಡಿಲವಾಗುತ್ತದೆ. ನಮ್ಮ ಮನೆಗಳ ಅಳತೆಗೆ 1 ಅಥವಾ 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ ಧಾರಾಳವಾಗಿ ಸಾಕು. ಪೇಟೆಯ ಎಸ್.ಪಿ. ರಸ್ತೆಯಲ್ಲಿ ಅದು ಮೀಟರಿನ ಲೆಕ್ಕದಲ್ಲಿ ದೊರೆಯುತ್ತದೆ.

ಓಮಿನ ಸಂಖ್ಯೆಯನ್ನು ಕಡೆಗಣಿಸುವಂತಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಇನ್ನೊಂದು ಜೊತೆ ಸ್ಪೀಕರನ್ನು ತಂದು, ಹಳೆಯವುಗಳ ಹಿಡಿಕೆಗಳಿಗೇ ಸೇರಿಸುವವರುಂಟು. ಹೀಗೆ ಅಕ್ಕಪಕ್ಕ ಸೇರಿಸಿದ ಎರಡು 8 ಓಮ್ ಸ್ಪೀಕರುಗಳು ಆಂಪ್ಲಿಫೈಯರಿಗೆ 4 ಓಮಿನಂತೆ ಕಾಣುತ್ತವೆ. ಅದು ಎರಡರಷ್ಟು ಪ್ರವಾಹವನ್ನು ಹರಿಸಬೇಕಾಗುತ್ತದೆ. ಆಂಪ್ಲಿಫೈಯರಿನ ಬೆನ್ನಿನ ಮೇಲೆ ಬರೆದಿರುವ ಕನಿಷ್ಠ ಓಮಿಗಿಂತ ಕೆಳಗೆ ಇಳಿದರೆ ಅದು ಬಿಸಿಯಾಗುತ್ತದೆ, ಕೊನೆಗೆ ಕೈಕೊಡುತ್ತದೆ. ವ್ಯಾಟುಗಳ ಮಾತಿನಲ್ಲಿ ಮೋಸಹೋಗಬೇಡಿ. ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಒ. ಎಂದು ಸಾವಿರಗಟ್ಟಲೆ ವ್ಯಾಟು ಬರೆದಿದ್ದರೆ ಅದು ಜಾಹೀರಾತಿನ ಸಂಖ್ಯೆ, ಆರ್.ಎಂ.ಎಸ್. ಎಂಬುದರ ಮುಂದಿರುವುದನ್ನು ಮಾತ್ರ ನಂಬಿ. ವ್ಯಾಟನ್ನು ಇಮ್ಮಡಿಗೊಳಿಸಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ದನಿ ಕಿವಿಗೆ ಎರಡರಷ್ಟು ಗಟ್ಟಿಯೆನಿಸಬೇಕಾದರೆ ವ್ಯಾಟು ಹತ್ತರಷ್ಟು ಆಗಬೇಕು. ಸಂಜೆ ಕುಳಿತು ಕೇಳುವ ಸಂಗೀತಕ್ಕೆ ನಿಜವಾಗಿ ವೆಚ್ಚವಾಗುವುದು ಒಂದೆರಡು ವ್ಯಾಟುಗಳಷ್ಟೇ.

ಈಗ ಮೇಷ್ಟ್ರ ಮನೆಗೆ ಮರಳೋಣ. ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಎಡಗಡೆಯ ಪೆಟ್ಟಿಗೆಯನ್ನು ಮಾತ್ರ ಕೇಳಿದೆ. ಅಕ್ಕನ ದನಿ ಸ್ವಚ್ಛವಾಗಿತ್ತು, ತುಂಬಿಕೊಂಡಿತ್ತು. ಬಲಕ್ಕೆ ತಿರುಗಿಸಿದೆ, ಅದೂ ಹಾಗೆಯೇ. ಎರಡನ್ನೂ ಕೂಡಿಸಿದೊಡನೆ ದನಿ ಟೊಳ್ಳಾಯಿತು. ಒಂದೊಂದೇ ಹಾಡಿದಾಗ ಇಲ್ಲದ ದೋಷ ಎರಡೂ ಕೂಡಿದಾಗ ಹುಟ್ಟಿದರೆ ಕ್ಯಾಸೆಟ್ಟನ್ನು ದೂರಿ ಫಲವಿಲ್ಲ. ಪೆಟ್ಟಿಗೆಗಳ ಬೆನ್ನು ನೋಡಿದೆ. ಎಡಗಡೆಯದರಲ್ಲಿ ಗೆರೆಯ ತಂತಿ ಕೆಂಪಿನಲ್ಲಿತ್ತು, ಬಲಗಡೆಯದರಲ್ಲಿ ಕಪ್ಪಿನಲ್ಲಿತ್ತು.

ಇದರ ಪರಿಣಾಮವೇನು? ಎಡಗಡೆಯ ಶಂಕು ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುವ ಕ್ಷಣದಲ್ಲೇ ಬಲಗಡೆಯದು ಹಿಂದಕ್ಕೆ ಸರಿದು ಗಾಳಿಯನ್ನು ಸೆಳೆಯುತ್ತದೆ. ಒಬ್ಬನು ಕೂಡಿದ್ದನ್ನು ಇನ್ನೊಬ್ಬನು ಕಳೆಯುತ್ತಾನೆ. ಮಂದ್ರಸ್ವರಗಳ ಅಲೆಗಳು ಉದ್ದವಾದವು. ಎರಡು ಪೆಟ್ಟಿಗೆಗಳ ನಡುವಿನ ದೂರ ಅವುಗಳ ಮುಂದೆ ಅಲ್ಪ. ಹಾಗಾಗಿ ಅವು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ದನಿಯ ಒಡಲೇ ಕರಗುತ್ತದೆ. ತಾರಸ್ವರಗಳ ಕಿರಿಯ ಅಲೆಗಳು ಹಾಗೆ ಅಳಿಯದಿದ್ದರೂ, ಎರಡು ಕಿವಿಗಳಿಗೆ ತಲಪುವ ಅಲೆಗಳು ಪರಸ್ಪರ ವಿರುದ್ಧವಾಗಿರುವುದರಿಂದ ಮಿದುಳಿಗೆ ದಿಕ್ಕು ಗೊತ್ತಾಗದೆ ತಬ್ಬಿಬ್ಬಾಗುತ್ತದೆ. "ನೆಲೆ ನಿಲ್ಲುವುದಿಲ್ಲ" ಎಂದು ಮೇಷ್ಟ್ರು ಹೇಳಿದ್ದು ಭೌತಶಾಸ್ತ್ರದ ದೃಷ್ಟಿಯಿಂದ ಅಕ್ಷರಶಃ ಸತ್ಯವಾದ ಮಾತು. ಪ್ಲಗ್ಗನ್ನು ಕಿತ್ತು, ಬಲಗಡೆಯ ಎರಡು ಎಳೆಗಳನ್ನು ಅದಲುಬದಲು ಮಾಡಿದೆ. ಎರಡು ನಿಮಿಷದ ಕೆಲಸ.

ನಿಮ್ಮ ಮನೆಯಲ್ಲೂ ಇದನ್ನು ಪರೀಕ್ಷಿಸುವುದು ಸುಲಭ. ನಾನು ಈಗ ಒಂದೇ ಮೈಕಿನ ಮುಂದೆ ಕುಳಿತು ಮಾತನಾಡುತ್ತಿದ್ದೇನೆ. ಎರಡು ಪೆಟ್ಟಿಗೆಗಳ ಮೂಲಕ ಈ ಮಾತು ನಿಮಗೆ ಕೇಳುತ್ತಿದ್ದರೆ, ನಡುವೆ ಕುಳಿತ ನಿಮ್ಮ ಕಿವಿಗೆ ನಾನು ಎಡದಲ್ಲೂ ಇರಬಾರದು, ಬಲದಲ್ಲೂ ಇರಬಾರದು; ಏನೂ ಇಲ್ಲದ ಆ ನಡುಜಾಗದಲ್ಲಿ ಇರಬೇಕು. ಹಾಗಿಲ್ಲದೆ ನನ್ನ ದನಿ ಕೋಣೆಯೆಲ್ಲ ಹರಡಿದಂತಿದ್ದರೆ ತಂತಿಗಳನ್ನು ಒಮ್ಮೆ ನೋಡಿಬಿಡಿ. ಹಿಡಿಕೆಗಳ ಬಣ್ಣ ಅಳಿಸಿಹೋದ ಹಳೆಯ ಪೆಟ್ಟಿಗೆಯಾದರೆ, ತಂತಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿನ ಎರಡು ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸಿ. ದೊಡ್ಡ ಶಂಕು ಮುಂದಕ್ಕೆ ಚಿಮ್ಮಿದರೆ ಸೆಲ್ಲಿನ ಧನ ತುದಿಗೆ ತಾಗಿದ್ದ ತಂತಿಯೇ ಕೆಂಪು. ಒಳಗೇ ಆಂಪ್ಲಿಫೈಯರಿರುವ, ನೇರ ವಿದ್ಯುತ್ತಿಗೆ ಸಿಕ್ಕಿಸುವ ಸ್ಪೀಕರುಗಳ ಮೇಲೆ ಮಾತ್ರ ಈ ಪ್ರಯೋಗ ಕೂಡದು.

ತಂತಿ ಸರಿಯಾದ ಮೇಲೆ ಸ್ಥಾನ. ಎರಡು ಪೆಟ್ಟಿಗೆಗಳೂ ಕೇಳುವವನೂ ಸೇರಿ ಸಮಬಾಹು ತ್ರಿಕೋನವಾಗಬೇಕು. ಪೆಟ್ಟಿಗೆಗಳ ನಡುವೆ 7 ಅಡಿಯಿದ್ದರೆ ಒಂದೊಂದರಿಂದಲೂ ನಿಮಗೆ 7 ಅಡಿ. ಒಂದು ಪೆಟ್ಟಿಗೆ ಒಂದಡಿ ಹತ್ತಿರವಾದರೂ ಅದರ ಸದ್ದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಮುಂಚೆ ಬರುತ್ತದೆ. ಮೊದಲು ಬಂದವನ ಮಾತನ್ನೇ ನಂಬುವುದು ಕಿವಿಯ ಸ್ವಭಾವ. ದನಿಯೆಲ್ಲ ಆ ಕಡೆಗೇ ವಾಲುತ್ತದೆ. ಒಂದು ಸಣಬಿನ ಹುರಿ ಹಿಡಿದು ಅಳೆದರೆ ಈ ತೊಂದರೆ ತಪ್ಪುತ್ತದೆ. ತಾರಸ್ವರದ ಪುಟ್ಟ ಗುಮ್ಮಟ ಕಿವಿಯ ಎತ್ತರಕ್ಕಿರಲಿ. ಕುರ್ಚಿಯಲ್ಲಿ ಕೂರುವವರಿಗೆ ಅದು ಸುಮಾರು ಮೂರೂವರೆ ಅಡಿ; ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ಎರಡೂವರೆ ಅಡಿ. ಬೀರುವಿನ ತಲೆಯ ಮೇಲಿನಿಂದ ಬರುವ ಸಂಗೀತ ಅಶರೀರವಾಣಿಯಾಗಬಹುದು, ಕಚೇರಿಯಾಗಲಾರದು. ಎಡಬಲಗಳ ಪರೀಕ್ಷೆಗೆ ನಮ್ಮ ಕಚೇರಿಯ ಧ್ವನಿಮುದ್ರಣವೇ ಸಾಕು: ಸಾಮಾನ್ಯವಾಗಿ ಸಭಿಕರಿಗೆ ಪಿಟೀಲು ಬಲಕ್ಕೆ, ಮೃದಂಗ ಎಡಕ್ಕೆ ಕಾಣುತ್ತದೆ. ಮುದ್ರಿಸಿದವರು ವೇದಿಕೆಯ ಕ್ರಮವನ್ನು ಉಳಿಸಿದ್ದರೆ ನಿಮ್ಮ ಮನೆಯಲ್ಲೂ ಹಾಗೆಯೇ ಕೇಳಬೇಕು.

ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟರೆ ಮಂದ್ರಸ್ವರಗಳು ಉಬ್ಬುತ್ತವೆ. ಮೂಲೆಗೆ ತಳ್ಳಿದರೆ ಇನ್ನೂ ಉಬ್ಬುತ್ತವೆ. ಮೊದಲ ದಿನ ಗಂಭೀರವೆನಿಸುವ ಆ ಗುಂಯ್‌ಗುಟ್ಟುವಿಕೆ ನಾಲ್ಕನೆಯ ದಿನ ತಲೆನೋವಾಗುತ್ತದೆ; ಸಾಹಿತ್ಯದ ಅಕ್ಷರಗಳು ಮುಳುಗಿಹೋಗುತ್ತವೆ. ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದೆ ತಂದು ನೋಡಿ.

ಇನ್ನು ಕೋಣೆ. ಸ್ಪೀಕರಿಗೆ ಸ್ವಂತ ಶ್ರುತಿ ಇರಕೂಡದೆಂದೆನಷ್ಟೆ. ಆದರೆ ಕೋಣೆಗೆ ಅದು ಇದ್ದೇ ಇರುತ್ತದೆ. ಎದುರುಬದುರು ಗೋಡೆಗಳ ನಡುವೆ 12 ಅಡಿಯಿದ್ದರೆ ಸೆಕೆಂಡಿಗೆ ಸುಮಾರು 47 ಕಂಪನಗಳ ಸ್ವರವೂ, ಅದರ ಎರಡರಷ್ಟು, ಮೂರರಷ್ಟು ಕಂಪನಗಳ ಸ್ವರಗಳೂ ಆ ಕೋಣೆಯಲ್ಲಿ ತಾವಾಗಿ ಮೊಳಗುತ್ತವೆ. ಉದ್ದಗಲಗಳೆರಡೂ 12 ಅಡಿಯಾದರೆ ಅದೇ ಸ್ವರಗಳು ಇಮ್ಮಡಿಯಾಗುತ್ತವೆ. ಆದ್ದರಿಂದ ಚಚ್ಚೌಕವಾದ ಕೋಣೆಗಿಂತ ನೀಳವಾದ ಕೋಣೆ ಸಂಗೀತಕ್ಕೆ ಲೇಸು. ಕೇಳುವವನೂ ಹಿಂದಿನ ಗೋಡೆಗೆ ಬೆನ್ನು ಆನಿಸಿ ಕೂರದೆ ಸ್ವಲ್ಪ ಮುಂದೆ ಸರಿಯುವುದು ಒಳಿತು.

ದಂಡುಪ್ರದೇಶದ ಹಳೆಯ ಬಂಗಲೆಗಳನ್ನು ನೋಡಿ. ಎತ್ತರದ ಮದ್ರಾಸ್ ತಾರಸಿ, ವಿಶಾಲವಾದ ಕೋಣೆ, ನೆಲಕ್ಕೆ ಜಮಖಾನ, ಬಾಗಿಲಿಗೆ ಪರದೆ, ಗೋಡೆಯ ತುಂಬ ಪುಸ್ತಕದ ಕಪಾಟು. ಅಲ್ಲಿ ಸದ್ದಿಗೆ ಹಬ್ಬಲು ಎಡೆಯೂ ಇತ್ತು, ಅಡಗಲು ಮೆತ್ತೆಯೂ ಇತ್ತು. ಆ ಬಂಗಲೆಗಳು ಒಂದೊಂದಾಗಿ ಅಳಿಯುತ್ತಿವೆ. ಇಂದಿರಾನಗರದ ಮೂವತ್ತು ನಲವತ್ತರ ನಿವೇಶನದ ಮನೆಗೂ ಕೆ.ಆರ್. ಪುರದ ಬಹುಮಹಡಿ ವಸತಿಗಳಿಗೂ ಬಂದರೆ ಕಾಂಕ್ರೀಟಿನ ಸೂರು, ಗಿಲಾವಿನ ಗೋಡೆ, ನುಣುಪಾದ ನೆಲ. ಸದ್ದು ಹೋಗಿ ಬಡಿಯುತ್ತದೆ, ಮರಳಿ ಬರುತ್ತದೆ, ಮತ್ತೆ ಬಡಿಯುತ್ತದೆ.

ಇದನ್ನು ಅಳತೆಗೆ ತಂದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೆಸ್ ಸಬೈನ್. 1895ರಲ್ಲಿ ಅಲ್ಲಿನ ಉಪನ್ಯಾಸ ಮಂದಿರವೊಂದರಲ್ಲಿ ಮಾತೇ ತಿಳಿಯುವುದಿಲ್ಲವೆಂಬ ದೂರು ಬಂದಾಗ, ಅವರು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿವೇಳೆ ಹೊರಿಸಿ ತಂದು, ಎಷ್ಟು ಮೆತ್ತೆ ಹಾಸಿದರೆ ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆದರು. ಅವರ ಸೂತ್ರದಂತೆ 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರದ ಬರಿಯ ಕೋಣೆಯ ಮೈ ತನಗೆ ತಾಗಿದ ಸದ್ದಿನಲ್ಲಿ ನೂರಕ್ಕೆ ಮೂರು ಭಾಗವನ್ನು ಮಾತ್ರ ನುಂಗುವುದಾದರೆ, ಒಂದು ಸದ್ದು ಅಡಗಲು ಮೂರು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಎತ್ತರದ ಕಮಾನುಗಳಡಿಯಲ್ಲಿ ಇಂಥ ಅನುರಣನ ಪ್ರಾರ್ಥನಾಗೀತೆಗೆ ಶೋಭೆ. ಹಲಸೂರು ಸೋಮೇಶ್ವರನ ಕಲ್ಲುಮಂಟಪದಲ್ಲಿ ಅದು ನಾಗಸ್ವರಕ್ಕೆ ಶೋಭೆ. ಮನೆಯಲ್ಲಿ ಒಂದು ಸ್ವರದ ಬಾಲ ಮುಂದಿನ ಸ್ವರದ ತಲೆಯನ್ನು ಮುಚ್ಚಿದರೆ ಗಮಕವೆಲ್ಲ ಕಲಸುಮೇಲೋಗರ. ಮನೆಗೆ ಅರ್ಧ ಸೆಕೆಂಡು ಹಿತವಾದದ್ದು.

ಉಪಾಯಗಳು ಮನೆಯಲ್ಲೇ ಇವೆ. ಪೆಟ್ಟಿಗೆಗಳಿಗೂ ನಿಮಗೂ ನಡುವಿನ ನೆಲದ ಮೇಲೆ ದಪ್ಪನೆಯ ಜಮಖಾನ, ಹಿಂದಿನ ಗೋಡೆಗೆ ಏರುಪೇರಾಗಿ ಜೋಡಿಸಿದ ಪುಸ್ತಕಗಳು, ಕಿಟಕಿಗೆ ಮಡಿಕೆಮಡಿಕೆಯಾದ ಪರದೆ, ಒಂದು ಹತ್ತಿಯ ಹಾಸಿಗೆ. ಪಕ್ಕದ ಗೋಡೆಯ ಉದ್ದಕ್ಕೂ ಒಬ್ಬರು ಕನ್ನಡಿಯನ್ನು ಹಿಡಿದು ಸರಿಸಲಿ. ಕುಳಿತಲ್ಲಿಂದ ನಿಮಗೆ ಎಲ್ಲಿ ಸ್ಪೀಕರು ಕಾಣುತ್ತದೋ ಅಲ್ಲಿಂದಲೇ ಸದ್ದೂ ಪುಟಿದು ಬರುತ್ತದೆ. ಅಲ್ಲೊಂದು ದಪ್ಪ ಬಟ್ಟೆ ತೂಗುಹಾಕಿದರೆ ಹಣ ಖರ್ಚಿಲ್ಲದೆ ಸಂಗೀತ ತಿಳಿಯಾಗುತ್ತದೆ. ಸಬೈನ್ ಸದ್ದು ನುಂಗುವ ಶಕ್ತಿಯನ್ನು ಅಳೆದದ್ದು ತೆರೆದ ಕಿಟಕಿಯ ಲೆಕ್ಕದಲ್ಲಿ. ಕಿಟಕಿಯಿಂದ ಹೊರಟ ಸದ್ದು ಮರಳಿ ಬರುವುದಿಲ್ಲವಲ್ಲ! ನಾಲ್ಕಡಿ ಚೌಕದ ಎರಡು ಕಿಟಕಿಗಳನ್ನು ತೆರೆದರೆ ಆ ಮೂರು ಸೆಕೆಂಡು ಒಂದೂವರೆಗೆ ಇಳಿಯುತ್ತದೆ.

ಆದರೆ ಕಿಟಕಿಯಿಂದ ಹೊರಟ ಸದ್ದು ನೆರೆಮನೆಯನ್ನು ಸೇರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55 ಡೆಸಿಬೆಲ್; ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಹೊರಗಿನ ಸದ್ದೂ ಒಳಗೆ ಬರುತ್ತದೆ. 2011ರಿಂದ ಹಲಸೂರು, ಇಂದಿರಾನಗರಗಳ ನೆತ್ತಿಯ ಮೇಲೆ ಮೆಟ್ರೋ ರೈಲು ಓಡುತ್ತಿದೆ. ವಾಹನಗಳ ಸದ್ದು ಹೇಳಬೇಕಾದ್ದಿಲ್ಲ. ಅದನ್ನು ಮೀರಿಸಲೆಂದು ಗುಂಡಿಯನ್ನು ತಿರುಗಿಸುತ್ತ ಹೋದರೆ ಸೋಲುವುದು ನಮ್ಮ ಕಿವಿಯೇ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 3 ಡೆಸಿಬೆಲ್ ಹೆಚ್ಚಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯಬೇಕು. ಕಿವಿಯ ಒಳಗಣ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಶಿಸಿದರೆ ಮತ್ತೆ ಚಿಗುರುವುದಿಲ್ಲ. ಸ್ಥಾನ ಸರಿಯಿದ್ದು ಕೋಣೆ ಹದವಾಗಿದ್ದರೆ ಮೆಲುದನಿಯಲ್ಲೂ ಎಲ್ಲವೂ ಕೇಳುತ್ತದೆ. ಒಳ್ಳೆಯ ಜೋಡಣೆಯ ಲಕ್ಷಣವೇ ಅದು.

ಈಗಿನವರು ಕೇಳಬಹುದು: ಅಂಗೈಯಗಲದ ಬ್ಲೂಟೂತ್ ಪೆಟ್ಟಿಗೆ ಸಿಗುವ ಕಾಲದಲ್ಲಿ ಇಷ್ಟೆಲ್ಲ ಏಕೆ? ಆ ಪುಟ್ಟ ಪೆಟ್ಟಿಗೆಯನ್ನು ನಾನು ಹಳಿಯುವುದಿಲ್ಲ. ಅಡುಗೆಮನೆಗೆ ಅದು ಒಳ್ಳೆಯ ಸಂಗಾತಿ. ಆದರೆ ನಾಲ್ಕಂಗುಲ ಅಂತರದಲ್ಲಿ ಎರಡು ಶಂಕುಗಳನ್ನು ಕೂರಿಸಿ ಸ್ಟೀರಿಯೋ ಎಂದು ಕರೆದರೆ ಎಡಬಲಗಳು ಕಿವಿಗೆ ಬೇರೆಯಾಗುವುದಿಲ್ಲ. ಕಿವಿಯೊಳಗೆ ತುರುಕುವ ಗುಂಡಿಗಳಿಂದ ಎಡಬಲ ತಿಳಿಯುತ್ತದೆ, ಆದರೆ ಹಾಡುವವರು ಸಾಮಾನ್ಯವಾಗಿ ನಮ್ಮ ತಲೆಯೊಳಗೇ ಇರುತ್ತಾರೆ. ಎದುರಿಗೆ ಒಬ್ಬರು ಕುಳಿತು ಹಾಡುತ್ತಿದ್ದಾರೆಂಬ ಭಾವ, ಮನೆಯವರೆಲ್ಲ ಒಟ್ಟಿಗೆ ಕೇಳುತ್ತಿದ್ದೇವೆಂಬ ಭಾವ ಬೇಕಾದರೆ ಎರಡು ಪೆಟ್ಟಿಗೆಗಳೂ ಬೇಕು, ಅವುಗಳ ನಡುವೆ ಖಾಲಿ ಜಾಗವೂ ಬೇಕು.

ಅಂದು ತಂತಿ ಬದಲಿಸಿದ ಮೇಲೆ ಮೇಷ್ಟ್ರನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಿದೆ. ಟೇಪಿನ ಸುಯ್ಲು, ದೂರದಲ್ಲೆಲ್ಲೋ ಪಾತ್ರೆಯ ಸದ್ದು. ಅನಂತರ ಅಕ್ಕ ಸಣ್ಣಗೆ ಕೆಮ್ಮಿ ದೇವರನಾಮ ಎತ್ತಿಕೊಂಡರು. ಎರಡು ಪೆಟ್ಟಿಗೆಗಳ ನಡುವೆ ಗೋಡೆಗೆ ಒರಗಿಸಿದ್ದ ಹಳೆಯ ಮರದ ಪೆಟಾರಿಯೊಂದಿತ್ತು. ದನಿ ಅಲ್ಲಿಂದಲೇ ಬರುತ್ತಿತ್ತು. ಮೇಷ್ಟ್ರು ಹಾಡು ಮುಗಿಯುವವರೆಗೂ ಆ ಪೆಟಾರಿಯನ್ನೇ ನೋಡುತ್ತಿದ್ದರು. ಆಮೇಲೆ, "ಅವಳು ಅಲ್ಲೇ ಕೂರುತ್ತಿದ್ದದ್ದು" ಎಂದರು. ನಾನು ತಂತಿಗಳಿಗೆ ಗುರುತಿನ ಪಟ್ಟಿ ಅಂಟಿಸಿ, ಮೊಮ್ಮಗನಿಗೊಂದು ಚೀಟಿ ಬರೆದಿಟ್ಟು ಬಂದೆ: ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.